‘ಕೆಲಸ ಮಾಡಬೇಡಿ’ ಅಂತ ಯಾರೂ ಹೇಳಿಲ್ಲ

2025ರ ಅಕ್ಟೋಬರ್ 10. ದೆಹಲಿಯ ಅಫ್ಗಾನ್ ರಾಯಭಾರ ಕಚೇರಿಯಲ್ಲಿ ತಾಲಿಬಾನ್ ಸರ್ಕಾರದ ವಿದೇಶಾಂಗ ಸಚಿವ ಅಮೀರ್ ಖಾನ್ ಮುತ್ತಕಿ ಅವರ ಪತ್ರಿಕಾಗೋಷ್ಠಿ. ಆಮೇಲೆ ಹೊರಬಂದ ಫೋಟೋ ನೋಡಿದರೆ ಕೋಣೆ ತುಂಬ ಗಂಡಸರೇ. ಒಬ್ಬ ವರದಿಗಾರ್ತಿಯೂ ಇಲ್ಲ. ದೆಹಲಿಯಲ್ಲಿ ವಿದೇಶಾಂಗ ಬೀಟ್ ನೋಡುವವರಲ್ಲಿ ಎಷ್ಟು ಜನ ಹೆಂಗಸರಿದ್ದಾರೆ ಅಂತ ಬಲ್ಲವರಿಗೆ, ಇದು ಏನೋ ತಪ್ಪಿ ಆದದ್ದಲ್ಲ ಅಂತ ನೋಡಿದ ಕೂಡಲೇ ಗೊತ್ತಾಯಿತು.

ಗಲಾಟೆ ಆಯಿತು. ಎಡಿಟರ್ಸ್ ಗಿಲ್ಡ್ ಖಂಡಿಸಿತು, ದೆಹಲಿಯ ಪತ್ರಕರ್ತೆಯರ ಸಂಘಟನೆ ಖಂಡಿಸಿತು, ವಿರೋಧ ಪಕ್ಷದವರು ಸರ್ಕಾರವನ್ನು ಹಿಡಿದು ಕೇಳಿದರು. ಈ ಗೋಷ್ಠಿಯಲ್ಲಿ ತನ್ನ ಪಾತ್ರ ಏನೂ ಇಲ್ಲ ಅಂತ ನಮ್ಮ ವಿದೇಶಾಂಗ ಸಚಿವಾಲಯ ಕೈ ತೊಳೆದುಕೊಂಡಿತು. ಭಾನುವಾರ ಮತ್ತೊಂದು ಗೋಷ್ಠಿ ಕರೆದರು. ಈ ಸಲ ಮುಂದಿನ ಸಾಲಿನಲ್ಲೇ ಹೆಂಗಸರು. ಮೊದಲ ಸಲ ಆದದ್ದು ಬರೀ ತಾಂತ್ರಿಕ ಸಮಸ್ಯೆ, ಟೈಮ್ ಕಡಿಮೆ ಇತ್ತು, ಪಟ್ಟಿ ಅವಸರದಲ್ಲಿ ಮಾಡಿದ್ದು ಅಂತ ಮುತ್ತಕಿ ವಿವರಣೆ ಕೊಟ್ಟರು.

ಅದೇ ಗೋಷ್ಠಿಯಲ್ಲಿ ಹೆಣ್ಣುಮಕ್ಕಳ ಓದಿನ ಪ್ರಶ್ನೆ ಬಂತು. ಅವರು ಹೇಳಿದ್ದರ ಸಾರ ಇಷ್ಟು: ನಾವು ಅದನ್ನು ಹರಾಮ್, ಅಂದರೆ ಧರ್ಮಕ್ಕೆ ನಿಷಿದ್ಧ, ಅಂದಿಲ್ಲ, ಮುಂದಿನ ಆದೇಶದವರೆಗೆ ಮುಂದೂಡಿದ್ದೇವೆ ಅಷ್ಟೇ. ಆರನೇ ಕ್ಲಾಸ್ ದಾಟಿದ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿ ಅಷ್ಟೊತ್ತಿಗೆ ನಾಲ್ಕು ವರ್ಷ ಆಗಿತ್ತು. ಆದರೂ ಅದರ ಹೆಸರು ‘ಮುಂದೂಡಿಕೆ’!

ಆ ಉತ್ತರವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಅಫ್ಗಾನಿಸ್ತಾನದ ಪತ್ರಕರ್ತೆಯರಿಗೆ ಆಗಿರುವುದೂ ಇದೇ. ಹೆಂಗಸರು ಪತ್ರಕರ್ತರಾಗಬಾರದು ಅಂತ ಇಡೀ ದೇಶಕ್ಕೆ ಅನ್ವಯಿಸುವ ಒಂದೇ ಒಂದು ಕಾನೂನು ಹುಡುಕಿ ನೋಡಿ, ಸಿಗುವುದಿಲ್ಲ. ಕಾಬೂಲಿನ ಚಾನೆಲ್‌ಗಳಲ್ಲಿ ಹೆಣ್ಣು ಆ್ಯಂಕರ್‌ಗಳು ಈಗಲೂ ಇದ್ದಾರೆ, ತಾಲಿಬಾನ್ ವಕ್ತಾರರು ಅದನ್ನೇ ಬೆರಳು ಮಾಡಿ ತೋರಿಸುತ್ತಾರೆ. ಕೆಲಸ ಮಾಡಬೇಡಿ ಅಂತ ಯಾರೂ ಹೇಳಿಲ್ಲ. ಕೆಲಸ ಮಾಡೋಕೆ ಬೇಕಾದ ಒಂದೊಂದನ್ನೇ ತೆಗೆದಿಟ್ಟಿದ್ದಾರೆ. ಮುಖ, ದನಿ, ಬಸ್ಸು, ಫೋನು, ಕ್ಯಾಮೆರಾ.

ಶುರುವಿನ ದಿನಗಳನ್ನೇ ನೋಡಿ. 2021ರ ಆಗಸ್ಟ್ 15ಕ್ಕೆ ಕಾಬೂಲ್ ತಾಲಿಬಾನ್ ಕೈಗೆ ಬಂತು. ಎರಡೇ ದಿನಕ್ಕೆ, 17ರಂದು, ಟೋಲೋ ನ್ಯೂಸ್ ಚಾನೆಲ್‌ನ ಬೆಹೆಷ್ಟಾ ಅರ್ಗಂದ್ ತಾಲಿಬಾನ್‌ನ ಒಬ್ಬ ಅಧಿಕಾರಿಯನ್ನು ಸ್ಟುಡಿಯೋದಲ್ಲಿ ಎದುರಿಗೆ ಕೂರಿಸಿಕೊಂಡು ನೇರಪ್ರಸಾರದಲ್ಲಿ ಪ್ರಶ್ನೆ ಕೇಳಿದರು. ಜಗತ್ತೆಲ್ಲ ಆ ವಿಡಿಯೋ ಹಂಚಿಕೊಂಡಿತು. ಪರವಾಗಿಲ್ಲ, ಇವರು ಬದಲಾಗಿದ್ದಾರೆ ಅಂತ ಎಷ್ಟೋ ಜನ ಬರೆದರು. ಅದೇ ವಾರ ಸರ್ಕಾರಿ ಚಾನೆಲ್‌ನ ಶಬ್ನಮ್ ದವ್ರಾನ್ ಆಫೀಸಿಗೆ ಹೋದರೆ ಗೇಟಿನಲ್ಲೇ ತಡೆದರು. ಕೈಯಲ್ಲಿ ಐಡಿ ಕಾರ್ಡ್ ಇತ್ತು. ಗಂಡಸು ಸಹೋದ್ಯೋಗಿಗಳು ಅಂಥದ್ದೇ ಕಾರ್ಡ್ ತೋರಿಸಿ ಒಳಗೆ ಹೋದರು, ಇವರಿಗೆ ಮನೆಗೆ ಹೋಗಿ ಅಂದರು. ಆ ಕಾರ್ಡನ್ನು ಕ್ಯಾಮೆರಾಕ್ಕೆ ಹಿಡಿದು ಅವರು ಮಾತಾಡಿದ ವಿಡಿಯೋ ಕೂಡ ಹರಿದಾಡಿತು. ಆ ತಿಂಗಳು ಮುಗಿಯುವುದರೊಳಗೆ ಅರ್ಗಂದ್ ಕೂಡ ದೇಶ ಬಿಟ್ಟಿದ್ದರು.

ವರದಿಗಾರರ ಜಾಗತಿಕ ಸಂಸ್ಥೆ ‘ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್’ ಮತ್ತು ಅಲ್ಲಿನ ಪತ್ರಕರ್ತರ ಸಂಘ ಸೇರಿ 2021ರ ಕೊನೆಗೆ ಒಂದು ಸಮೀಕ್ಷೆ ಮಾಡಿದವು. ತಾಲಿಬಾನ್ ಬರುವ ಮೊದಲು ಸುದ್ದಿಮನೆಗಳಲ್ಲಿ 2,490 ಹೆಂಗಸರಿದ್ದರು. ಮೂರೂವರೆ ತಿಂಗಳಲ್ಲಿ ಉಳಿದವರು 410. ಗಂಡಸರೂ ಕೆಲಸ ಕಳೆದುಕೊಂಡರು, ಅವರಲ್ಲಿ ಅರ್ಧಕ್ಕರ್ಧ ಹೋದರು. ಹೆಂಗಸರಲ್ಲಿ ಐವರಿಗೆ ನಾಲ್ವರು.

ಇದೆಲ್ಲ ಬಂದೂಕಿನಿಂದ ಆಯಿತು ಅಂದುಕೊಂಡರೆ ಅರ್ಧ ಮಾತ್ರ ಅರ್ಥವಾದಂತೆ. ಇನ್ನರ್ಧ ದುಡ್ಡಿನ ಲೆಕ್ಕ. ವಿದೇಶಿ ನೆರವು ನಿಂತಿತು, ಜಾಹೀರಾತು ನಿಂತಿತು, 543 ಮಾಧ್ಯಮ ಸಂಸ್ಥೆಗಳಲ್ಲಿ 231 ಬಾಗಿಲು ಹಾಕಿದವು. ಉಳಿದವುಗಳ ಮಾಲೀಕನ ಜಾಗದಲ್ಲಿ ನಿಂತು ಯೋಚನೆ ಮಾಡಿ. ಒಬ್ಬ ಹೆಣ್ಣುಮಗಳನ್ನು ಕೆಲಸಕ್ಕೆ ಇಟ್ಟುಕೊಂಡರೆ ಬೇರೆ ಕೂರುವ ಜಾಗ ಬೇಕು, ಗಂಡಸರ ಜೊತೆ ಒಂದೇ ಸ್ಟುಡಿಯೋದಲ್ಲಿ ಕಾಣಿಸದ ಹಾಗೆ ನೋಡಿಕೊಳ್ಳಬೇಕು, ಅವಳ ಉಡುಪಿನ ಬಗ್ಗೆ, ಜನರ ನಡತೆಯ ಮೇಲೆ ಕಣ್ಣಿಡುವ ತಾಲಿಬಾನ್ ಸರ್ಕಾರದ ಸದಾಚಾರ ಇಲಾಖೆಯವರು ಬಂದು ಕೇಳಿದರೆ ಉತ್ತರ ಕೊಡಬೇಕು. ಯಾರನ್ನಾದರೂ ತೆಗೆಯಲೇಬೇಕು ಅಂದಾಗ ಮೊದಲು ಯಾರ ಹೆಸರು ಬರುತ್ತದೆ? ಆದೇಶವೇ ಬೇಡ. ಮಾಲೀಕನೇ ಆ ಕೆಲಸ ಮಾಡಿಕೊಡುತ್ತಾನೆ.

ಮಹ್ರಮ್ ವಿಷಯವೂ ಹೀಗೇ. ಮಹ್ರಮ್ ಅಂದರೆ ಗಂಡ, ಅಪ್ಪ, ಅಣ್ಣ ತಮ್ಮ, ಮಗ, ಹೀಗೆ ಹೆಣ್ಣಿನ ಜೊತೆ ಇರಲೇಬೇಕಾದ ಹತ್ತಿರದ ಗಂಡು. 2021ರ ಡಿಸೆಂಬರ್‌ನಲ್ಲಿ, 72 ಕಿಲೋಮೀಟರ್‌ಗಿಂತ ದೂರ ಹೋಗುವ ಹೆಂಗಸಿನ ಜೊತೆ ಇಂಥ ಗಂಡಸು ಇಲ್ಲದಿದ್ದರೆ ಗಾಡಿಗೆ ಹತ್ತಿಸಬೇಡಿ ಅಂತ ಚಾಲಕರಿಗೆ ಸೂಚನೆ ಹೋಯಿತು. ಬೆಂಗಳೂರಿಂದ ತುಮಕೂರು ದಾಟಿದರೆ ಮುಗೀತು, ಅಷ್ಟೇ ದೂರ. ಹಲವು ಪ್ರಾಂತ್ಯಗಳಲ್ಲಿ ಅಷ್ಟು ದೂರ ಹೋಗುವುದೂ ಬೇಕಿಲ್ಲ, ಬೀದಿಯಲ್ಲೇ ತಡೆದು ಕೇಳುತ್ತಾರೆ. ಈಗ ಲೆಕ್ಕ ಹಾಕಿ. ವರದಿಗೆ ಹೋಗುವ ಹುಡುಗಿಯ ಜೊತೆ ಅವಳ ತಮ್ಮನೂ ಹೋಗಬೇಕು. ಇಬ್ಬರಿಗೂ ಬಸ್ ಚಾರ್ಜ್, ಇಬ್ಬರಿಗೂ ಊಟ, ತಮ್ಮನ ಆ ದಿನದ ಕೂಲಿ ಹೋಯಿತು. ಸಂಬಳ ಮಾತ್ರ ಒಬ್ಬರದೇ. ಸಂದರ್ಶನಕ್ಕೆ ಒಪ್ಪಿದ ಹೆಂಗಸು ಮನೆಯೊಳಗೆ ತನ್ನ ಕಷ್ಟ ಹೇಳಿಕೊಳ್ಳಬೇಕು ಅಂದಾಗ ಬಾಗಿಲಲ್ಲಿ ಒಬ್ಬ ಗಂಡು ಹುಡುಗ ಕೂತಿರುತ್ತಾನೆ. ಏನು ಹೇಳಿಕೊಳ್ಳುತ್ತಾಳೆ, ಹೇಳಿ. ಅಪ್ಪ ಇಲ್ಲದ, ಅಣ್ಣತಮ್ಮ ಇಲ್ಲದ, ಗಂಡ ತೀರಿಹೋದ ವರದಿಗಾರ್ತಿಯ ಗತಿ ಏನು ಅನ್ನೋದಕ್ಕೆ ಆ ನಿಯಮದಲ್ಲಿ ಉತ್ತರವೇ ಇಲ್ಲ. ನಾಲ್ಕು ದಶಕ ಯುದ್ಧ ಕಂಡ ದೇಶದಲ್ಲಿ ಗಂಡಸರಿಲ್ಲದ ಮನೆಗಳಿಗೇನು ಕಡಿಮೆ?

ಆಮೇಲೆ ಮುಖ. 2022ರ ಮೇ 7ರಂದು ಹೆಂಗಸರು ಹೊರಗೆ ಮುಖ ಮುಚ್ಚಬೇಕು ಅಂತ ಆದೇಶ ಬಂತು. ಮುಚ್ಚದಿದ್ದರೆ ಶಿಕ್ಷೆ ಅವಳಿಗಲ್ಲ, ಅವಳ ಮನೆಯ ಗಂಡಸಿಗೆ. ಇದು ಎಷ್ಟು ಲೆಕ್ಕಾಚಾರದ್ದು ನೋಡಿ. ತನಗೆ ಏನಾದರೂ ಆಗಲಿ ಅಂತ ಎದುರು ನಿಲ್ಲುವ ಹುಡುಗಿ, ಅಪ್ಪ ಜೈಲಿಗೆ ಹೋಗುತ್ತಾನೆ ಅಂದರೆ ನಿಲ್ಲುವುದು ಕಷ್ಟ. ಎರಡು ವಾರದೊಳಗೆ ಅದೇ ನಿಯಮ ಟಿವಿ ಆ್ಯಂಕರ್‌ಗಳಿಗೂ ಬಂತು. ಗಡುವಿನ ದಿನ, ಶನಿವಾರ, ಅವರು ಮುಖ ತೆರೆದುಕೊಂಡೇ ಸುದ್ದಿ ಓದಿದರು. ಭಾನುವಾರ ಆಗಲಿಲ್ಲ. ಮೇ 22ರಂದು ಟೋಲೋ ನ್ಯೂಸ್‌ನ ಖತೆರೆ ಅಹ್ಮದಿ ಕಪ್ಪು ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ಬುಲೆಟಿನ್ ಓದುವಾಗ ತಲೆ ತಗ್ಗಿಸಿದ ಒಂದು ಫೋಟೋ ಇದೆ. ಆ ಸುದ್ದಿಮನೆಯ ಗಂಡಸರು ಕೂಡ ಕಪ್ಪು ಮಾಸ್ಕ್ ಹಾಕಿಕೊಂಡು ಕೆಲಸ ಮಾಡಿದರು. ಒಳ್ಳೆಯ ಕೆಲಸವೇ. ಆದರೆ ಅವರು ಮಾಸ್ಕ್ ತೆಗೆಯಬಹುದು, ಇವರು ತೆಗೆಯುವ ಹಾಗಿಲ್ಲ.

ಕೋವಿಡ್ ಹೊತ್ತಿನಲ್ಲಿ ಮಾಸ್ಕ್ ಹಾಕಿಕೊಂಡು ಫೋನಲ್ಲಿ ಹತ್ತು ನಿಮಿಷ ಮಾತಾಡಿದ್ದು ನೆನಪಿದೆಯಾ? ಉಸಿರು ತಿರುಗಿ ಬಾಯಿಗೇ ಬರುತ್ತಿತ್ತು, ಬಟ್ಟೆ ಒದ್ದೆಯಾಗಿ ತುಟಿಗೆ ಅಂಟುತ್ತಿತ್ತು, ಆ ಕಡೆಯವರು ‘ಏನಂದ್ರಿ?’ ಅಂತ ಎರಡೆರಡು ಸಲ ಕೇಳುತ್ತಿದ್ದರು. ಹಾಗೆ ದಿನಾ ಗಂಟೆಗಟ್ಟಲೆ ನೇರಪ್ರಸಾರದಲ್ಲಿ ಮಾತಾಡುವುದು ಇವರ ಕೆಲಸ. ಎದುರಿಗಿದ್ದ ಅಧಿಕಾರಿ ಸುಳ್ಳು ಹೇಳಿದಾಗ ಹುಬ್ಬು ಮಾತ್ರ ಏರಿಸಬಹುದು.

ಮುಖದ ನಂತರ ದನಿ. 2024ರ ಫೆಬ್ರವರಿಯಲ್ಲಿ ಖೋಸ್ತ್ ಪ್ರಾಂತ್ಯದ ಪೊಲೀಸರು, ಹುಡುಗಿಯರು ರೇಡಿಯೋ, ಟಿವಿ ಕಾರ್ಯಕ್ರಮಗಳಿಗೆ ಫೋನ್ ಮಾಡುವುದನ್ನೇ ನಿಲ್ಲಿಸಿದರು. ಅದೇ ವರ್ಷ ಆಗಸ್ಟ್‌ನಲ್ಲಿ 35 ಕಲಮುಗಳ ಸದಾಚಾರ ಕಾನೂನು ಬಂತು. ಹೆಂಗಸಿನ ದನಿಯೂ ಮುಚ್ಚಿಡಬೇಕಾದ ವಸ್ತು ಅಂತ ಅದರಲ್ಲಿ ಬರೆದಿದೆ. ಜೀವ ಇರುವ ಯಾವುದರ ಚಿತ್ರವನ್ನೂ ತೋರಿಸಬಾರದು ಅಂತಲೂ ಇದೆ. ಇದನ್ನು ಎಲ್ಲ ಕಡೆ ಒಂದೇ ದಿನ ಜಾರಿ ಮಾಡಲಿಲ್ಲ. ಕಂದಹಾರ್, ತಖಾರ್, ಹೀಗೆ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ನಿಧಾನವಾಗಿ. ಜಾರಿಯಾದ ಕಡೆ ಟಿವಿ ಅನ್ನೋದು ರೇಡಿಯೋ ಆಗುತ್ತದೆ. ಅಂಥ ಕಡೆ ರೇಡಿಯೋದಲ್ಲೂ ಹೆಂಗಸಿನ ದನಿ ಬರುವ ಹಾಗಿಲ್ಲ. ಅಲ್ಲಿಗೆ ಯಾರನ್ನೂ ಕೆಲಸದಿಂದ ತೆಗೆಯದೆಯೇ ಎಲ್ಲರನ್ನೂ ತೆಗೆದಂತಾಯಿತು, ಅಲ್ವಾ?

ಇಲ್ಲಿ ಒಂದು ಮಾತು ಹೇಳದಿದ್ದರೆ ಮೋಸವಾಗುತ್ತದೆ. 2021ಕ್ಕೆ ಮುಂಚೆ ಎಲ್ಲ ಚೆನ್ನಾಗಿತ್ತು ಅನ್ನುವ ಹಾಗೇನೂ ಇಲ್ಲ. 2005ರಲ್ಲಿ ಟೋಲೋ ಟಿವಿಯಲ್ಲಿ ಸಂಗೀತದ ಕಾರ್ಯಕ್ರಮ ನಡೆಸುತ್ತಿದ್ದ ಶೈಮಾ ರೆಜಾಯಿ ಕೊಲೆಯಾದರು. 2007ರಲ್ಲಿ ಪರ್ವಾನ್‌ನಲ್ಲಿ ಪುಟ್ಟ ರೇಡಿಯೋ ನಡೆಸುತ್ತಿದ್ದ ಜಾಕಿಯಾ ಜಾಕಿಯನ್ನು ಮನೆಗೆ ನುಗ್ಗಿ, ಮಗುವಿನ ಜೊತೆ ಮಲಗಿದ್ದಾಗ ಗುಂಡಿಟ್ಟು ಕೊಂದರು. ಆಗ ಅಮೆರಿಕದ ಸೈನ್ಯವೂ ಇತ್ತು, ಚುನಾಯಿತ ಸರ್ಕಾರವೂ ಇತ್ತು.

ನನ್ನನ್ನು ಜಾಸ್ತಿ ಕಾಡಿದ್ದು ಜಲಾಲಾಬಾದ್‌ನ ಎನಿಕಾಸ್ ಟಿವಿಯ ಕತೆ. 2020ರ ಡಿಸೆಂಬರ್ 10ರ ಬೆಳಿಗ್ಗೆ ಆ ಚಾನೆಲ್‌ನ ಮಲಾಲಾ ಮೈವಂದ್ ಕೆಲಸಕ್ಕೆ ಹೊರಟಿದ್ದಾಗ ಕಾರಿಗೆ ಗುಂಡು ಹಾರಿಸಿದರು. ಅವರೂ ಸತ್ತರು, ಡ್ರೈವರ್ ಕೂಡ. ಹೆಂಗಸರ ಹಕ್ಕಿಗಾಗಿ ಓಡಾಡುತ್ತಿದ್ದ ಅವರ ಅಮ್ಮನನ್ನೂ ಐದು ವರ್ಷ ಹಿಂದೆ ಹೀಗೇ ಕೊಂದಿದ್ದರು. ಮೂರು ತಿಂಗಳು ಕೂಡ ಕಳೆದಿರಲಿಲ್ಲ, 2021ರ ಮಾರ್ಚ್ 2ರಂದು ಅದೇ ಚಾನೆಲ್‌ನ ಮೂವರು ಹುಡುಗಿಯರನ್ನು ಕೆಲಸ ಮುಗಿಸಿ ಮನೆಗೆ ನಡೆದು ಹೋಗುವಾಗ ಕೊಂದರು. ವಯಸ್ಸು ಇಪ್ಪತ್ತರ ಆಸುಪಾಸು. ಎರಡೂ ಸಲ ಹೊಣೆ ಹೊತ್ತಿದ್ದು ಐಸಿಸ್. ಈ ಮೂವರು ಯಾವ ಭ್ರಷ್ಟಾಚಾರವನ್ನೂ ಬಯಲಿಗೆಳೆದವರಲ್ಲ. ಟರ್ಕಿಯ, ನಮ್ಮ ಭಾರತದ ಧಾರಾವಾಹಿಗಳಿಗೆ ಸ್ಥಳೀಯ ಭಾಷೆಯಲ್ಲಿ ದನಿ ಕೊಡುತ್ತಿದ್ದರು. ಅತ್ತೆ ಸೊಸೆ ಜಗಳಕ್ಕೆ, ಅಳುವಿಗೆ, ಮದುವೆ ಮನೆಯ ಮಾತಿಗೆ ದನಿ. ಅಷ್ಟಕ್ಕೇ ಸಾಯಬೇಕಾಯಿತು. ನಮ್ಮಲ್ಲಿ ಮನೆಯವರೆಲ್ಲ ಬೈಯುತ್ತಲೇ ನೋಡುವ ಸೀರಿಯಲ್‌ಗಳು ಅವು.

ಈಗ ಹಾಗೆ ದಿನಬೆಳಗಾದರೆ ಪತ್ರಕರ್ತರು ಸಾಯುತ್ತಿಲ್ಲ, ಬಾಂಬು ಕಡಿಮೆಯಾಗಿದೆ, ನಿಜ. ಅದರ ಬದಲು ಕರೆದುಕೊಂಡು ಹೋಗುತ್ತಾರೆ, ಕೂಡಿಹಾಕುತ್ತಾರೆ, ಹೊಡೆಯುತ್ತಾರೆ, ಇನ್ನು ಬರೆಯುವುದಿಲ್ಲ ಅಂತ ಬರೆಸಿಕೊಂಡು ಬಿಡುತ್ತಾರೆ. 2021ರ ಆಗಸ್ಟ್‌ನಿಂದ 2024ರ ಸೆಪ್ಟೆಂಬರ್‌ವರೆಗೆ ಮಾಧ್ಯಮದವರನ್ನು ಹೀಗೆ ಹಿಡಿದಿಟ್ಟ 256 ಪ್ರಕರಣಗಳನ್ನು ವಿಶ್ವಸಂಸ್ಥೆಯ ಅಲ್ಲಿನ ತಂಡ ದಾಖಲಿಸಿದೆ. ಅದರಲ್ಲಿ ಹೆಂಗಸರ ಪಾಲು ಕಡಿಮೆ. ಕೆಲಸದಲ್ಲೇ ಇಲ್ಲದವರನ್ನು ಹಿಡಿಯುವುದು ಹೇಗೆ?

ಪತ್ರಕರ್ತೆಯ ಕಷ್ಟ ಅಂದರೆ ಅವಳೊಬ್ಬಳ ಕೆಲಸ ಹೋದ ಕಷ್ಟ ಅಂತ ನಾವು ಓದಿಕೊಳ್ಳುತ್ತೇವೆ. ಅಷ್ಟರಲ್ಲೇ ಮುಗಿದಿದ್ದರೆ ಇಷ್ಟುದ್ದ ಬರೆಯುತ್ತಿರಲಿಲ್ಲ. 2025ರ ಆಗಸ್ಟ್ 31ರ ಮಧ್ಯರಾತ್ರಿ ಹತ್ತಿರ ಕುನಾರ್ ಕಡೆ ಭೂಕಂಪ ಆಯಿತು. ಮಣ್ಣಿನ ಮನೆಗಳು, ಕಡಿದಾದ ಬೆಟ್ಟ, ಎಲ್ಲರೂ ಮಲಗಿದ್ದ ಹೊತ್ತು. ಎರಡು ಸಾವಿರಕ್ಕೂ ಜಾಸ್ತಿ ಜನ ಸತ್ತರು. ಪರಗಂಡಸರು ಮುಟ್ಟಬಾರದು ಅನ್ನುವ ಕಾರಣಕ್ಕೆ ಗಾಯಗೊಂಡ ಹೆಂಗಸರು ಒಂದು ಪಕ್ಕ ಕಾಯುತ್ತ ಉಳಿದರು ಅಂತ ಆಮೇಲೆ ವರದಿಗಳು ಬಂದವು. ಈಗ ಆ ಹೆಂಗಸನ್ನು ಯಾರು ಮಾತಾಡಿಸಬೇಕು? ಗಂಡಸು ವರದಿಗಾರ ಆ ಟೆಂಟಿನೊಳಗೆ ಕಾಲಿಡುವ ಹಾಗಿಲ್ಲ. ಹೊರಗೆ ನಿಂತು ಅವಳ ಗಂಡನನ್ನೋ ಊರ ಹಿರಿಯನನ್ನೋ ಕೇಳುತ್ತಾನೆ. ಅವರು ಎಲ್ಲ ಸರಿಯಿದೆ, ಅಕ್ಕಿ ಹಿಟ್ಟು ಬಂತು, ಕಂಬಳಿ ಬರಬೇಕು ಅನ್ನುತ್ತಾರೆ. ಬಾಣಂತಿಗೆ ಏನಾಯಿತು, ತಿಂಗಳ ಬಟ್ಟೆಗೆ ಏನು ಮಾಡಿದರು, ಲೇಡಿ ಡಾಕ್ಟರ್ ಇಲ್ಲದೆ ಎಷ್ಟು ಜನ ಹಾಗೇ ಉಳಿದರು, ಇದ್ಯಾವುದೂ ಅವನ ನೋಟ್‌ಬುಕ್ಕಿಗೆ ಬರುವುದಿಲ್ಲ. ಸುಳ್ಳು ಬರೆದ ಅಂತಲ್ಲ. ಅವನಿಗೆ ಸಿಕ್ಕಿದ್ದೇ ಅಷ್ಟು. ವರದಿಗಾರ್ತಿ ಇಲ್ಲದ ಕಡೆ ಹೆಂಗಸರಿಗೆ ಆದದ್ದು ಆಗಲೇ ಇಲ್ಲ ಅನ್ನುವ ಹಾಗೆ ದಿನ ಕಳೆದುಹೋಗುತ್ತದೆ. 2022ರ ಹೊತ್ತಿಗೇ 34 ಪ್ರಾಂತ್ಯಗಳ ಪೈಕಿ 11ರಲ್ಲಿ ಒಬ್ಬ ಪತ್ರಕರ್ತೆಯೂ ಉಳಿದಿರಲಿಲ್ಲ.

ನಾನೇ ಕೆಲವು ವರ್ಷ ಒಂದು ಪತ್ರಿಕೆಯ ಡೆಸ್ಕ್‌ನಲ್ಲಿ ವಿದೇಶ ಪುಟ ನೋಡಿಕೊಳ್ಳುತ್ತಿದ್ದೆ. ಅಫ್ಗಾನ್ ಹೆಂಗಸರ ಸುದ್ದಿ ಅಂದರೆ ಏಜೆನ್ಸಿಯಿಂದ ಬಂದ ನಾಲ್ಕು ಪ್ಯಾರಾ, ಜೊತೆಗೆ ಒಂದು ಫೈಲ್ ಫೋಟೋ. ಯಾವ ಫೋಟೋ ಅಂತ ನಿಮಗೂ ಗೊತ್ತು. ನೀಲಿ ಬುರ್ಖಾ, ಬೀದಿ, ಹಿಂದಿನಿಂದ ತೆಗೆದದ್ದು. ಭೂಕಂಪಕ್ಕೂ ಅದೇ, ಶಾಲೆ ಮುಚ್ಚಿದ್ದಕ್ಕೂ ಅದೇ. ರಾತ್ರಿ ಹನ್ನೊಂದಕ್ಕೆ ಪುಟ ಬಿಡುವ ಅವಸರದಲ್ಲಿ ಹಾಕಿ ಕಳಿಸಿದ್ದೇನೆ, ಒಂದು ಸಲ ಅಲ್ಲ. ಹೊಸ ಫೋಟೋ ಯಾಕೆ ಬರುತ್ತಿಲ್ಲ, ಅದನ್ನು ತೆಗೆಯಬೇಕಾದವರು ಎಲ್ಲಿ ಹೋದರು ಅಂತ ಆಗ ನನಗೆ ಹೊಳೆಯಲೂ ಇಲ್ಲ.

ಹೋದವರಲ್ಲಿ ಕೆಲವರು ಸುಮ್ನೆ ಕೂತಿಲ್ಲ. ಜಾಹ್ರಾ ಜೋಯಾ ಅಂತ ಒಬ್ಬರಿದ್ದಾರೆ. ತಾಲಿಬಾನ್‌ನ ಮೊದಲ ಆಳ್ವಿಕೆಯಲ್ಲಿ ಗಂಡು ಹುಡುಗನ ವೇಷ ಹಾಕಿ, ಮೊಹಮ್ಮದ್ ಅಂತ ಹೆಸರಿಟ್ಟುಕೊಂಡು ಶಾಲೆಗೆ ಹೋದವರು. 2020ರಲ್ಲಿ ‘ರುಖ್ಷಾನಾ ಮೀಡಿಯಾ’ ಶುರು ಮಾಡಿದರು. 2015ರಲ್ಲಿ ಘೋರ್ ಪ್ರಾಂತ್ಯದಲ್ಲಿ ಕಲ್ಲು ಹೊಡೆದು ಕೊಂದ ಹುಡುಗಿಯ ಹೆಸರು ಅದು. ಈಗ ಲಂಡನ್‌ನಿಂದ ನಡೆಸುತ್ತಾರೆ. ಕೆನಡಾದಲ್ಲಿರುವ ಜಾಹ್ರಾ ನಾದರ್ 2022ರಲ್ಲಿ ‘ಜನ್ ಟೈಮ್ಸ್’ ಆರಂಭಿಸಿದರು. ಜನ್ ಅಂದರೆ ದರಿ ಭಾಷೆಯಲ್ಲಿ ಹೆಂಗಸು. ಎರಡಕ್ಕೂ ದೇಶದೊಳಗೆ ಇದ್ದುಕೊಂಡೇ ಸುದ್ದಿ ಕಳಿಸುವವರಿದ್ದಾರೆ. ಸ್ವಂತ ಹೆಸರಲ್ಲಿ ಬರೆಯುವ ಹಾಗಿಲ್ಲ. ಹೊರಗೆ ಹೊರಡುವ ಮುಂಚೆ ಫೋನಿನಿಂದ ಚಾಟ್, ಫೋಟೋ, ರೆಕಾರ್ಡಿಂಗ್ ಎಲ್ಲ ಅಳಿಸಬೇಕು, ಚೆಕ್‌ಪೋಸ್ಟ್‌ನಲ್ಲಿ ಫೋನ್ ಕೇಳುತ್ತಾರೆ. ನಮ್ಮಲ್ಲಿ ಬೈಲೈನ್, ಅಂದರೆ ಸುದ್ದಿಯ ಜೊತೆ ಅಚ್ಚಾಗುವ ವರದಿಗಾರರ ಹೆಸರು, ಬಿಟ್ಟುಹೋದರೆ ಮಾರನೇ ದಿನ ಡೆಸ್ಕ್‌ನವರ ಜೊತೆ ಮಾತು ಬಿಡುವ ವರದಿಗಾರರನ್ನು ನೋಡಿದ್ದೇನೆ. ಇವರು ಬೈಲೈನ್ ಬಾರದಿರಲಿ ಅಂತ ಹಾರೈಸುತ್ತಾರೆ.

ರೇಡಿಯೋದ್ದು ಇನ್ನೊಂದು ಕತೆ. ಓದು ಬಾರದ ಹೆಂಗಸರು, ಕರೆಂಟ್ ಸರಿಯಾಗಿರದ ಹಳ್ಳಿಗಳು, ಅಂಥ ಕಡೆ ರೇಡಿಯೋ ಅಡುಗೆ ಮನೆಯವರೆಗೂ ಹೋಗುತ್ತದೆ. ಬದಖ್ಷಾನ್‌ನ ‘ಸದಾ-ಎ-ಬಾನೋವಾನ್’, ಅಂದರೆ ಹೆಂಗಸರ ದನಿ, 2023ರ ರಂಜಾನ್‌ನಲ್ಲಿ ಸಂಗೀತ ಹಾಕಿದರು ಅನ್ನುವ ಆರೋಪದ ಮೇಲೆ ಮುಚ್ಚಿಸಿಕೊಂಡು ಆಮೇಲೆ ಮತ್ತೆ ತೆರೆಯಿತು. ಕಾಬೂಲಿನ ‘ರೇಡಿಯೋ ಬೇಗಂ’ ಅನ್ನು ಹಮಿದಾ ಅಮಾನ್ 2021ರ ಮಾರ್ಚ್ 8ರಂದು ಶುರು ಮಾಡಿದ್ದರು. ಶಾಲೆ ಮುಚ್ಚಿದ ಮೇಲೆ ಅದರ ಸ್ಟುಡಿಯೋನೇ ಕ್ಲಾಸ್ ಆಯಿತು. ಪಾಠ, ಡಾಕ್ಟರ ಸಲಹೆ, ಮನಸ್ಸಿನ ಕಷ್ಟ ಹೇಳಿಕೊಳ್ಳುವ ಫೋನ್ ಕಾರ್ಯಕ್ರಮ. 2025ರ ಫೆಬ್ರವರಿ 4ರಂದು ದಾಳಿ ಮಾಡಿ ಮುಚ್ಚಿಸಿದರು, ವಿದೇಶದ ಚಾನೆಲ್‌ಗೆ ಕಾರ್ಯಕ್ರಮ ಕೊಡುತ್ತಾರೆ ಅಂತ. ಅದೇ ತಿಂಗಳು 22ಕ್ಕೆ ಮತ್ತೆ ಬಿಟ್ಟರು. ಮುಚ್ಚು, ತೆಗೆ, ಮುಚ್ಚು, ತೆಗೆ. ಪೂರ್ತಿ ಮುಚ್ಚಿದರೆ ಜಗತ್ತು ಕೂಗುತ್ತದೆ. ಹೀಗೆ ಮಾಡಿದರೆ ಒಳಗಿರುವವರು ತಾವಾಗಿಯೇ ದನಿ ತಗ್ಗಿಸುತ್ತಾರೆ.

ದೇಶ ಬಿಟ್ಟವರದೂ ನೆಮ್ಮದಿಯ ಬದುಕಲ್ಲ. ಪಾಕಿಸ್ತಾನಕ್ಕೆ ಓಡಿಹೋಗಿ ಪಶ್ಚಿಮದ ವೀಸಾಕ್ಕೆ ಕಾಯುತ್ತಿದ್ದವರನ್ನು 2023ರ ಕೊನೆಯಿಂದ ಪಾಕಿಸ್ತಾನ ವಾಪಸ್ ಕಳಿಸತೊಡಗಿತು. 2025ರ ಜನವರಿಯಲ್ಲಿ ಅಮೆರಿಕ ನಿರಾಶ್ರಿತರನ್ನು ಕರೆಸಿಕೊಳ್ಳುವುದನ್ನು ನಿಲ್ಲಿಸಿತು. ಅದರ ಬೆನ್ನಿಗೇ ವಿದೇಶಿ ನೆರವಿನ ಕಡಿತ, ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರದ ದುಡ್ಡಲ್ಲಿ ನಡೆಯುವ ವಾಯ್ಸ್ ಆಫ್ ಅಮೆರಿಕದ ಪ್ರಸಾರಕ್ಕೂ ಬೀಗ. ಹೊರಗಿನಿಂದ ಸುದ್ದಿಮನೆ ನಡೆಸುವುದಕ್ಕೆ ಇದ್ದ ಅಲ್ಪ ಸ್ವಲ್ಪ ದುಡ್ಡೂ ಹೀಗೆ ಬತ್ತಿತು. ಹೆಂಗಸರ ಹೆಸರು ಹೇಳಿಕೊಂಡೇ ಇಪ್ಪತ್ತು ವರ್ಷ ಅಲ್ಲಿ ಯುದ್ಧ ಮಾಡಿದ ದೇಶ ಅದು.

ಇನ್ನು ಉಳಿದದ್ದು ಇಂಟರ್‌ನೆಟ್. ದೂರದಿಂದ ಕಲಿಯುವುದು, ಗುಟ್ಟಾಗಿ ಸುದ್ದಿ ಕಳಿಸುವುದು, ಹೊರಗಿನ ಸಂಪಾದಕಿಯ ಜೊತೆ ಮಾತಾಡುವುದು ಎಲ್ಲ ಅದರ ಮೇಲೇ. 2025ರ ಸೆಪ್ಟೆಂಬರ್ ಮಧ್ಯದಲ್ಲಿ ಬಲ್ಖ್ ಪ್ರಾಂತ್ಯದಲ್ಲಿ ಫೈಬರ್ ಇಂಟರ್‌ನೆಟ್ ಕಿತ್ತರು. ಅನೈತಿಕತೆ ತಡೆಯಲು ಅಂತ ಕಾರಣ ಕೊಟ್ಟರು. 29ರಂದು ಇಡೀ ದೇಶದ್ದೇ ಹೋಯಿತು, ಮೊಬೈಲ್ ಕೂಡ. ಸುಮಾರು ಎರಡು ದಿನ. ಹೊರಗಿದ್ದವರು ಮನೆಯವರಿಗೆ, ವರದಿಗಾರ್ತಿಯರಿಗೆ ಕಳಿಸಿದ ಮೆಸೇಜುಗಳ ಪಕ್ಕ ಒಂದೇ ಟಿಕ್ ಬಿದ್ದು ಹಾಗೇ ನಿಂತಿತ್ತು. ಅಕ್ಟೋಬರ್ 1ರಂದು ವಾಪಸ್ ಬಂತು. ಅದಾಗಿ ಎಂಟು ದಿನಕ್ಕೆ ಮುತ್ತಕಿ ದೆಹಲಿಯಲ್ಲಿ ವಿಮಾನ ಇಳಿದರು.